ಪಿ.ಟಿ. ಮೇಷ್ಟ್ರು ಬಂದು ನೆಲೆಸಿದ ಊರು: ಅಲೆನ್ ಫೀಲ್ಡ್‌ಹೌಸ್‌ನ ಕಥೆ

(ಬಾಸ್ಕೆಟ್‌ಬಾಲ್ ಕಲಿಯುತ್ತಿರುವ ಮಕ್ಕಳು ಮತ್ತು ಅವರ ತಂದೆತಾಯಿಯರ ಎದುರು ಆಡಿದ ಮಾತುಗಳ ಬರಹ ರೂಪ. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಕೆಲವು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿರುವ ಮಕ್ಕಳಿಗೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳ ಹೆಸರು ಬಾಯಿಪಾಠ ಇರುತ್ತದೆ. ಯಾರು ಯಾವ ತಂಡಕ್ಕೆ ಹೋದರು, ಎಷ್ಟು ದುಡ್ಡಿಗೆ ಹೋದರು ಅನ್ನುವುದೂ ಗೊತ್ತಿರುತ್ತದೆ. ನಾನು ಇವತ್ತು ಆ ಕಡೆ ಹೋಗುವುದಿಲ್ಲ. ಒಂದು ಕಾಲೇಜಿನ ಆಟದ ಮನೆಯ ಬಗ್ಗೆ ಮಾತಾಡುತ್ತೇನೆ.

ಅಮೆರಿಕದ ನಡುಭಾಗದಲ್ಲಿ ಕಾನ್ಸಸ್ ಅನ್ನುವ ರಾಜ್ಯ ಇದೆ. ಗೋಧಿ ಬೆಳೆಯುವ ಬಯಲು ನಾಡು. ಅಲ್ಲಿ ಲಾರೆನ್ಸ್ ಅಂತ ಒಂದು ಊರು. ಜನಸಂಖ್ಯೆ ಒಂದು ಲಕ್ಷವೂ ಇಲ್ಲ. ಯೂನಿವರ್ಸಿಟಿ ಆಫ್ ಕಾನ್ಸಸ್ ಇರುವುದು ಆ ಊರಿನಲ್ಲೇ. ಅದರ ಬಾಸ್ಕೆಟ್‌ಬಾಲ್ ಮನೆಯ ಹೆಸರು ಅಲೆನ್ ಫೀಲ್ಡ್‌ಹೌಸ್. ಸುಮಾರು ಹದಿನೈದು ಸಾವಿರ ಜನ ಕೂರುವಷ್ಟು ದೊಡ್ಡದು. ಹೊರಗಡೆ ಸುಣ್ಣಕಲ್ಲಿನ ಗೋಡೆ, ಮೇಲೆ ಎತ್ತರದಲ್ಲಿ ಸಾಲು ಕಿಟಕಿ. ಮಧ್ಯಾಹ್ನದ ಪಂದ್ಯವಾದರೆ ಆ ಕಿಟಕಿಗಳಿಂದ ಬಿಸಿಲು ಒಳಗೆ ಬೀಳುತ್ತದೆ. ಹೊಸ ಕಾಲದ ಕ್ರೀಡಾಂಗಣಗಳ ಥಳುಕು ಅದಕ್ಕಿಲ್ಲ. ಆದರೂ ಬಾಸ್ಕೆಟ್‌ಬಾಲ್ ಗೊತ್ತಿರುವ ಯಾರನ್ನಾದರೂ ಕೇಳಿ, ಸಾಯುವ ಮುಂಚೆ ಒಮ್ಮೆ ಪಂದ್ಯ ನೋಡಬೇಕಾದ ಜಾಗಗಳಲ್ಲಿ ಇದರ ಹೆಸರು ಹೇಳಿಯೇ ಹೇಳುತ್ತಾರೆ.

ಯಾಕೆ ಹಾಗೆ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈ ಜಾಗವನ್ನು ಬೆಳೆಸಿದ್ದು ಮೇಷ್ಟ್ರುಗಳು ಮತ್ತು ವಿದ್ಯಾರ್ಥಿಗಳು. ಕಂಪನಿಗಳಲ್ಲ, ತಂಡದ ಮಾಲೀಕರಲ್ಲ. ಅಲ್ಲಿ ಕೂಗುವ ಕೂಗು ಒಬ್ಬ ಕೆಮಿಸ್ಟ್ರಿ ಪ್ರೊಫೆಸರರದು. ಅಲ್ಲಿ ತೂಗುವ ಬ್ಯಾನರ್ ಹಾಸ್ಟೆಲ್ ಹುಡುಗರದು. ಆ ಆಟವೇ ಒಬ್ಬ ಪಿ.ಟಿ. ಮೇಷ್ಟ್ರದು.

ಮೇಷ್ಟ್ರಿಂದಲೇ ಶುರು ಮಾಡೋಣ. ಜೇಮ್ಸ್ ನೈಸ್ಮಿತ್ ಹುಟ್ಟಿದ್ದು 1861ರಲ್ಲಿ, ಕೆನಡಾದಲ್ಲಿ. 1891ರ ಚಳಿಗಾಲದಲ್ಲಿ ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈಎಂಸಿಎ ತರಬೇತಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಹೊರಗೆ ಹಿಮ. ಒಳಗೆ ಕಸರತ್ತು ಮಾಡಿ ಮಾಡಿ ಬೇಸತ್ತ ಹುಡುಗರು. ಅವರಿಗೊಂದು ಆಟ ಕೊಡಿ ಅಂತ ಮೇಲಿನವರು ಹೇಳಿದರು. ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಬಾಲ್ಕನಿಯ ಕಟಕಟೆಗೆ ಹೊಡೆಸಿದರು. ಬಾಲ್ಕನಿ ಇದ್ದದ್ದು ಹತ್ತು ಅಡಿ ಎತ್ತರದಲ್ಲಿ. ಇವತ್ತಿಗೂ ರಿಂಗ್ ಅಷ್ಟೇ ಎತ್ತರದಲ್ಲಿದೆ. ಒಂದೊಂದು ಕಡೆಗೆ ಒಂಬತ್ತು ಜನ, ಒಂದು ಫುಟ್‌ಬಾಲ್, ಟೈಪ್ ಮಾಡಿದ 13 ನಿಯಮ. ಅಷ್ಟೇ.

ಆ ವೈಎಂಸಿಎ ಹಾದಿಯಲ್ಲೇ ಆಟ ನಮ್ಮ ಕಡೆಗೂ ಬಂತು. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಅನ್ನುವವರು 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರು ಮಾಡಿದರು. ದಕ್ಷಿಣ ಭಾರತದ ಎಷ್ಟೋ ಪಿ.ಟಿ. ಮೇಷ್ಟ್ರುಗಳು ಅಲ್ಲಿ ತಯಾರಾದವರು. ಹಾಗಾಗಿ ನೀವು ಸಂಜೆ ಹೊತ್ತು ಸ್ಕೂಲ್ ಮೈದಾನದಲ್ಲಿ ಆಡುವ ಆಟಕ್ಕೂ ಆ ಪೀಚ್ ಬುಟ್ಟಿಗಳಿಗೂ ನಡುವೆ ಇರುವುದು ಮೇಷ್ಟ್ರುಗಳ ಸಾಲು.

ನೈಸ್ಮಿತ್ ಆಮೇಲೆ ಡೆನ್ವರ್‌ನಲ್ಲಿ ಡಾಕ್ಟರಿಕೆ ಓದಿದರು. 1898ರಲ್ಲಿ ಲಾರೆನ್ಸ್‌ಗೆ ಬಂದರು. ಕೋಚ್ ಆಗಿ ಬಂದದ್ದಲ್ಲ. ಕಾಲೇಜಿನ ಪ್ರಾರ್ಥನಾ ಮಂದಿರ ನೋಡಿಕೊಳ್ಳುವುದು, ವ್ಯಾಯಾಮ ಕಲಿಸುವುದು ಅವರ ಕೆಲಸ. ಜೊತೆಗೆ ಬಾಸ್ಕೆಟ್‌ಬಾಲ್ ತಂಡವನ್ನೂ ಕಟ್ಟಿದರು. ಮೊದಲ ಪಂದ್ಯ 1899ರ ಫೆಬ್ರುವರಿಯಲ್ಲಿ, ಕಾನ್ಸಸ್ ಸಿಟಿಯ ವೈಎಂಸಿಎ ಮೇಲೆ. 16-5ರಿಂದ ಸೋತರು. ಅವರ ಕಾಲದ ಒಟ್ಟು ಲೆಕ್ಕ 55 ಗೆಲುವು, 60 ಸೋಲು. ಕಾನ್ಸಸ್‌ನ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಜಾಸ್ತಿ ಇರುವುದು ಇವರೊಬ್ಬರಿಗೇ, ಆಟ ಕಂಡುಹಿಡಿದವರಿಗೇ! ಜನ ಇದನ್ನು ತಮಾಷೆಯಾಗಿ ಹೇಳುತ್ತಾರೆ. ನನಗೆ ಇದು ತುಂಬಾ ದೊಡ್ಡ ಮಾತು ಅನ್ನಿಸುತ್ತದೆ. ಹುಡುಗರ ಮೈ ಗಟ್ಟಿಯಾಗಬೇಕು, ನಡತೆ ನೆಟ್ಟಗಾಗಬೇಕು, ಅದಕ್ಕೆ ಆಟ ಬೇಕು. ಅವರ ಗುರಿ ಅದಾಗಿತ್ತು. ಗೆಲುವಿನ ಲೆಕ್ಕ ಇಡುವುದು ಅವರ ಕೆಲಸ ಆಗಿರಲೇ ಇಲ್ಲ.

ಅವರ ಹತ್ತಿರ ಆಡಿದ ಒಬ್ಬ ಹುಡುಗ ಫಾರೆಸ್ಟ್ ಅಲೆನ್. ಬೇಸ್‌ಬಾಲ್ ಅಂಪೈರ್ ಆಗಿದ್ದಾಗ ಅವನ ದನಿ ಹಡಗಿನ ಮಂಜು ಕೊಂಬಿನ ಹಾಗೆ ಮೊಳಗುತ್ತಿತ್ತಂತೆ. ಅದಕ್ಕೇ ‘ಫಾಗ್’ ಅನ್ನುವ ಅಡ್ಡಹೆಸರು ಅಂಟಿಕೊಂಡಿತು. ಈ ಹುಡುಗ ತನಗೆ ಕೋಚ್ ಕೆಲಸ ಸಿಕ್ಕಿದೆ ಅಂತ ಹೇಳಲು ಬಂದಾಗ, ಈ ಆಟವನ್ನು ಆಡಬೇಕು ಅಷ್ಟೇ, ಇದಕ್ಕೆ ಕೋಚ್ ಯಾಕಪ್ಪಾ ಅಂತ ನೈಸ್ಮಿತ್ ಕೇಳಿದ್ದರಂತೆ. ಗುರುವಿನ ಈ ಮಾತನ್ನು ಶಿಷ್ಯ ಒಪ್ಪಲಿಲ್ಲ. ಬಾಸ್ಕೆಟ್‌ಬಾಲ್ ಕೋಚ್ ಅನ್ನುವ ಕಸುಬು ಗಟ್ಟಿಯಾಗಿ ನಿಂತಿದ್ದೇ ಅಲೆನ್ ಅವರಿಂದ. 1907ರಿಂದ 1909ರವರೆಗೆ ಒಮ್ಮೆ, ಆಮೇಲೆ 1919ರಿಂದ 1956ರವರೆಗೆ ಅವರು ಕಾನ್ಸಸ್ ತಂಡವನ್ನು ನಡೆಸಿದರು. 590 ಗೆಲುವು ತಂದರು. 1927ರಲ್ಲಿ ದೇಶದ ಕೋಚ್‌ಗಳ ಸಂಘ ಕಟ್ಟಿದರು. ಬಾಸ್ಕೆಟ್‌ಬಾಲ್ ಒಲಿಂಪಿಕ್ಸ್‌ಗೆ ಸೇರಬೇಕು ಅಂತ ವರ್ಷಗಟ್ಟಲೆ ಓಡಾಡಿದರು. 1936ರಲ್ಲಿ ಬರ್ಲಿನ್‌ನಲ್ಲಿ ಅದು ಸೇರಿತು. ಆಗ ನೈಸ್ಮಿತ್ ಅವರಿಗೆ ವಯಸ್ಸಾಗಿತ್ತು, ಅಷ್ಟು ದೂರ ಹೋಗುವಷ್ಟು ದುಡ್ಡಿರಲಿಲ್ಲ. ಕೋಚ್‌ಗಳು ಪಂದ್ಯದ ಒಂದೊಂದು ಟಿಕೆಟ್‌ನಿಂದ ಒಂದೊಂದು ಸೆಂಟ್ ತೆಗೆದಿಟ್ಟು, ಅವರನ್ನು ಬರ್ಲಿನ್‌ಗೆ ಕಳಿಸಿದರು. ತಾನು ಹುಡುಗರ ಬೇಸರ ಕಳೆಯಲು ಮಾಡಿದ ಆಟವನ್ನು ಅಷ್ಟು ದೇಶದವರು ಆಡುವುದನ್ನು ಆ ಮೇಷ್ಟ್ರು ಕಣ್ಣಾರೆ ನೋಡಿದರು. ಮೂರು ವರ್ಷದ ಮೇಲೆ, 1939ರಲ್ಲಿ, ಲಾರೆನ್ಸ್‌ನಲ್ಲೇ ತೀರಿಕೊಂಡರು. ಅವರ ಸಮಾಧಿಯೂ ಅಲ್ಲೇ ಇದೆ.

ಅಲೆನ್ ಅವರ ಶಿಷ್ಯರ ಪಟ್ಟಿ ಕೇಳಿದರೆ ಮಕ್ಕಳಿಗೆ ಇಷ್ಟ ಆಗುತ್ತದೆ. ಅಡಾಲ್ಫ್ ರಪ್ ಅವರ ಹತ್ತಿರ ಆಡಿದವರು. ಮುಂದೆ ಕೆಂಟಕಿಯಲ್ಲಿ ಕೋಚ್ ಆಗಿ 876 ಪಂದ್ಯ ಗೆದ್ದರು. ಡೀನ್ ಸ್ಮಿತ್ ಕೂಡ ಅವರ ಹುಡುಗನೇ, 1952ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಕಾನ್ಸಸ್ ತಂಡದಲ್ಲಿದ್ದವರು. ಮುಂದೆ ನಾರ್ತ್ ಕೆರೊಲಿನಾದ ಕೋಚ್ ಆಗಿ 1997ರಲ್ಲಿ ರಪ್ ಅವರ ದಾಖಲೆಯನ್ನೇ ದಾಟಿ 879ಕ್ಕೆ ನಿಂತರು. ಆ ಸ್ಮಿತ್ ಹತ್ತಿರ ಕಾಲೇಜಿನಲ್ಲಿ ಕಲಿತ ಒಬ್ಬ ಹುಡುಗ ನಿಮಗೆಲ್ಲ ಗೊತ್ತು, ಮೈಕೆಲ್ ಜೋರ್ಡನ್. ಅಂದರೆ ನೈಸ್ಮಿತ್, ಅಲೆನ್, ಸ್ಮಿತ್, ಜೋರ್ಡನ್: ಆಟ ಹುಟ್ಟಿಸಿದವರಿಂದ ಜೋರ್ಡನ್‌ವರೆಗೆ ನಡುವೆ ಇಬ್ಬರೇ ಗುರುಗಳು. ಸ್ಮಿತ್ ತಂಡದಲ್ಲಿ ಆಡಿದ ಲ್ಯಾರಿ ಬ್ರೌನ್, ಅವರ ಸಹಾಯಕರಾಗಿದ್ದ ರಾಯ್ ವಿಲಿಯಮ್ಸ್, ಇಬ್ಬರೂ ಆಮೇಲೆ ಕಾನ್ಸಸ್‌ಗೆ ಕೋಚ್ ಆಗಿ ಬಂದರು. 2003ರಲ್ಲಿ ಬಂದ ಬಿಲ್ ಸೆಲ್ಫ್ ಒಂದು ಕಾಲದಲ್ಲಿ ಬ್ರೌನ್ ಕೈಕೆಳಗೆ ಅಲ್ಲೇ ಕೆಲಸ ಕಲಿತವರು. ಹೊರಗೆ ಹೋದ ವಿದ್ಯೆ ಸುತ್ತು ಹಾಕಿಕೊಂಡು ಅದೇ ಮನೆಗೆ ಬಂತು.

ಈಗ ಆ ಮನೆಗೆ ಬರೋಣ. ಅದಕ್ಕೂ ಮುಂಚೆ ತಂಡ ಹಾಕ್ ಆಡಿಟೋರಿಯಂ ಅನ್ನುವ ಸಭಾಂಗಣದಲ್ಲಿ ಆಡುತ್ತಿತ್ತು. ಅದು ಚಿಕ್ಕದು. ಮೂರೂವರೆ ಸಾವಿರ ಜನರಿಗೇ ಭರ್ತಿ. ನೋಡಬೇಕೆಂದವರಿಗೆಲ್ಲ ಜಾಗ ಸಾಲುತ್ತಿರಲಿಲ್ಲ. ಪಕ್ಕದ ಎದುರಾಳಿ ಕಾಲೇಜು ಕಾನ್ಸಸ್ ಸ್ಟೇಟ್ 1950ರಲ್ಲೇ ದೊಡ್ಡದೊಂದು ಫೀಲ್ಡ್‌ಹೌಸ್ ಕಟ್ಟಿಕೊಂಡಿತ್ತು. ಇನ್ನು ಸುಮ್ಮನೆ ಕೂರುವುದಕ್ಕೆ ಆಗುತ್ತದೆಯೇ? 1952ರಲ್ಲಿ ಕೆಲಸ ಶುರುವಾಯಿತು. ಆದರೆ ಅದು ಕೊರಿಯಾ ಯುದ್ಧದ ಕಾಲ. ಉಕ್ಕು ಮೊದಲು ಸೇನೆಗೆ, ಉಳಿದರೆ ಊರಿಗೆ. ಆಟದ ಮನೆಗೆ ಉಕ್ಕು ಕೊಡುವವರು ಯಾರು? ವಿಶ್ವವಿದ್ಯಾಲಯದವರು ನಕ್ಷೆಯಲ್ಲಿ ಬಂದೂಕು ಇಡುವ ಕೋಣೆಗಳನ್ನು ಸೇರಿಸಿದರು, ಕಟ್ಟಡ ಶಸ್ತ್ರಾಗಾರದ ಲೆಕ್ಕಕ್ಕೆ ಬಂತು. ಉಕ್ಕು ಸಿಕ್ಕಿತು. 1955ರ ಮಾರ್ಚ್ 1ರಂದು ಅದೇ ಕಾನ್ಸಸ್ ಸ್ಟೇಟ್ ಮೇಲೆ ಮೊದಲ ಪಂದ್ಯ ನಡೆಯಿತು. ಸುಮಾರು 17,000 ಜನ ಸೇರಿದ್ದರು. ಕಾನ್ಸಸ್ ಗೆದ್ದಿತು. ಇನ್ನೂ ಕೋಚ್ ಆಗಿಯೇ ಇದ್ದ ಅಲೆನ್ ಅವರ ಹೆಸರನ್ನೇ ಕಟ್ಟಡಕ್ಕೆ ಇಟ್ಟರು. ಮುಂದಿನ ರಸ್ತೆಯ ಹೆಸರು ನೈಸ್ಮಿತ್ ಡ್ರೈವ್. 1997ರಲ್ಲಿ ಒಳಗಿನ ಅಂಕಣಕ್ಕೂ ನೈಸ್ಮಿತ್ ಹೆಸರು ಬಂತು. ಶಿಷ್ಯನ ಮನೆಯೊಳಗೆ ಗುರುವಿನ ಅಂಗಳ.

ಇನ್ನು ಮುಂದಿನದು ಗೆಲುವಿನ ಕಥೆ ಅಲ್ಲ. ಆದರೆ ಇದನ್ನು ಬಿಟ್ಟು ಮುಂದೆ ಹೋಗಲಾರೆ.

ನೈಸ್ಮಿತ್ ಅವರಿಗೆ ಕೊನೆಗಾಲದಲ್ಲಿ ಇನ್ನೊಬ್ಬ ಶಿಷ್ಯ ಸಿಕ್ಕಿದ. ಜಾನ್ ಮೆಕ್ಲೆಂಡನ್. 1933ರಲ್ಲಿ ಕಾನ್ಸಸ್‌ಗೆ ಓದಲು ಬಂದ ಕಪ್ಪು ಜನಾಂಗದ ಹುಡುಗ. ಅವನಿಗೆ ಕೋಚ್ ಆಗುವ ಆಸೆ. ನೈಸ್ಮಿತ್ ಅವನನ್ನು ಹತ್ತಿರ ಕೂರಿಸಿಕೊಂಡು ಕಲಿಸಿದರು. ಆದರೆ ತಂಡದಲ್ಲಿ ಅವನಿಗೆ ಜಾಗ ಇರಲಿಲ್ಲ. ಬಣ್ಣದ ಕಾರಣಕ್ಕೆ ಬಾಗಿಲು ಮುಚ್ಚಿತ್ತು. ದೈಹಿಕ ಶಿಕ್ಷಣ ಪದವಿಗೆ ಈಜು ಕಲಿಯಬೇಕಿತ್ತು. ತಾನು ಕೊಳಕ್ಕೆ ಇಳಿದ ಮೇಲೆ ನೀರನ್ನೆಲ್ಲ ಹೊರಗೆ ಬಿಟ್ಟು ಖಾಲಿ ಮಾಡಿದರು ಅಂತ ಮೆಕ್ಲೆಂಡನ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಲಾರೆನ್ಸ್ ಎಂಥ ಊರು ಗೊತ್ತಾ? ಕಾನ್ಸಸ್‌ನಲ್ಲಿ ಗುಲಾಮಗಿರಿ ಬೇಡ ಅಂತ ಪಣ ತೊಟ್ಟು ಬಂದವರು 1854ರಲ್ಲಿ ಕಟ್ಟಿದ ಊರು. ಅದೇ ಕಾರಣಕ್ಕೆ 1863ರಲ್ಲಿ ಸುಟ್ಟುಹೋದ ಊರು. ಅಂಥ ಊರಿನ ಕಾಲೇಜಿನಲ್ಲೂ ಹೀಗಾಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮೆಕ್ಲೆಂಡನ್ 1936ರಲ್ಲಿ ಪದವಿ ಪಡೆದು ದಕ್ಷಿಣಕ್ಕೆ ಹೋದರು. ನಾರ್ತ್ ಕೆರೊಲಿನಾದ ಡರ್ಹಮ್ ಊರಿನಲ್ಲಿ ಕಪ್ಪು ವಿದ್ಯಾರ್ಥಿಗಳ ಕಾಲೇಜೊಂದರಲ್ಲಿ ತಂಡ ಕಟ್ಟಿದರು. ಆಟವನ್ನು ಓಟದ ಆಟ ಮಾಡಿದರು. ಎದುರಾಳಿ ಸಜ್ಜಾಗುವ ಮುಂಚೆಯೇ ಓಡಿ ಬುಟ್ಟಿಗೆ ಹಾಕುವುದನ್ನು ಇವತ್ತು ನೀವು ಫಾಸ್ಟ್ ಬ್ರೇಕ್ ಅಂತ ಆಡುತ್ತೀರಲ್ಲ, ಅದನ್ನು ಬೆಳೆಸಿದವರಲ್ಲಿ ಇವರು ಮುಖ್ಯರು. 1944ರ ಮಾರ್ಚ್ 12, ಭಾನುವಾರ ಬೆಳಗ್ಗೆ, ಅದೇ ಊರಿನ ಡ್ಯೂಕ್ ವಿಶ್ವವಿದ್ಯಾಲಯದ ಮೆಡಿಕಲ್ ವಿದ್ಯಾರ್ಥಿಗಳ ಬಿಳಿಯರ ತಂಡದ ಜೊತೆ ಇವರ ಹುಡುಗರು ಗುಟ್ಟಾಗಿ ಆಡಿದರು. ಬಿಳಿಯರು, ಕಪ್ಪು ಜನ ಒಟ್ಟಿಗೆ ಆಡುವುದು ಆಗ ಅಲ್ಲಿ ಅಪಾಯದ ಕೆಲಸ. ಬಾಗಿಲು ಹಾಕಿ, ಪೊಲೀಸರಿಗೂ ಪತ್ರಿಕೆಗಳಿಗೂ ಸುಳಿವು ಕೊಡದೆ ಆಡಿದರು. ಮೆಕ್ಲೆಂಡನ್ ಹುಡುಗರು 88-44ರಿಂದ ಗೆದ್ದರು. ಅದು ಮುಗಿದ ಮೇಲೆ ಇನ್ನೊಂದು ಆಟ ಆಡಿದರು, ಎರಡೂ ಕಡೆಯವರನ್ನು ಬೆರೆಸಿ. ನನಗೆ ಮೊದಲ ಆಟಕ್ಕಿಂತ ಆ ಎರಡನೇ ಆಟ ದೊಡ್ಡದು. ಆಮೇಲೆ ಟೆನ್ನೆಸಿಯಲ್ಲಿ ಅವರ ತಂಡ 1957, 58, 59, ಮೂರು ವರ್ಷ ಸಾಲಾಗಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಆಡಲು ಬಿಡದ ಹುಡುಗ ಬಾಸ್ಕೆಟ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ಗೆ ಎರಡು ಸಲ ಸೇರಿದ. 1979ರಲ್ಲಿ ಆಟಕ್ಕೆ ಕೊಟ್ಟ ಕೊಡುಗೆಗಾಗಿ, 2016ರಲ್ಲಿ ಕೋಚ್ ಆಗಿ.

ಕಾನ್ಸಸ್ ತಂಡದಲ್ಲಿ ಮೊದಲ ಕಪ್ಪು ಆಟಗಾರ ಲವ್ಯಾನ್ಸ್ ಸ್ಕ್ವೈರ್ಸ್ ಬಂದದ್ದು 1950ರ ದಶಕದ ಶುರುವಿನಲ್ಲಿ. ಆಮೇಲೆ 1955ರಲ್ಲಿ ಫಿಲಡೆಲ್ಫಿಯಾದಿಂದ ಏಳಡಿ ದಾಟಿದ ಒಬ್ಬ ಹುಡುಗ ಬಂದ. ವಿಲ್ಟ್ ಚೇಂಬರ್ಲೇನ್. ಮೊದಲ ವರ್ಷದವರು ಮುಖ್ಯ ತಂಡದಲ್ಲಿ ಆಡುವ ಹಾಗಿಲ್ಲ ಅನ್ನುವುದು ಆಗಿನ ನಿಯಮ. ಆದ್ದರಿಂದ ಮೊದಲ ವರ್ಷದ ಹುಡುಗರಿಗೂ ಮುಖ್ಯ ತಂಡಕ್ಕೂ ಒಂದು ಪಂದ್ಯ ಇಟ್ಟರು. ಅದನ್ನು ನೋಡಲೇ ಸುಮಾರು 14,000 ಜನ ಫೀಲ್ಡ್‌ಹೌಸ್‌ಗೆ ಬಂದರು. ಚೇಂಬರ್ಲೇನ್ 42 ಪಾಯಿಂಟ್ ಹೊಡೆದ. ಕಿರಿಯರೇ ಗೆದ್ದರು. ಅವನನ್ನು ಕರೆತಂದ ಅಲೆನ್ ಅವರಿಗೆ ಮಾತ್ರ ಅವನನ್ನು ಆಡಿಸುವ ಯೋಗ ಇರಲಿಲ್ಲ. ಎಪ್ಪತ್ತು ತುಂಬಿತು, 1956ರಲ್ಲಿ ನಿವೃತ್ತಿ ಆಗಲೇಬೇಕಾಯಿತು. ಆ ವರ್ಷ ಡಿಸೆಂಬರ್ 3ರಂದು ಚೇಂಬರ್ಲೇನ್ ಮುಖ್ಯ ತಂಡದ ಮೊದಲ ಪಂದ್ಯ ಆಡಿದ. ನಾರ್ತ್‌ವೆಸ್ಟರ್ನ್ ಮೇಲೆ 52 ಪಾಯಿಂಟ್, 31 ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವುದು). ಮಕ್ಕಳೇ, ಮೊದಲ ಪಂದ್ಯದಲ್ಲಿ!

ಊರಿನ ಹೋಟೆಲುಗಳಲ್ಲಿ ಆಗಲೂ ಕಪ್ಪು ಜನರಿಗೆ ಊಟ ಕೊಡುತ್ತಿರಲಿಲ್ಲ. ಚೇಂಬರ್ಲೇನ್ ಹೋಗಿ ಕೂತುಬಿಡುತ್ತಿದ್ದ. ಕೊಡುವವರೆಗೆ ಏಳುತ್ತಿರಲಿಲ್ಲ. ಅವನಿಗೆ ಇಲ್ಲ ಅನ್ನುವುದು ಊರಿಗೂ ಕಷ್ಟವಾಯಿತು. 1957ರ ರಾಷ್ಟ್ರೀಯ ಫೈನಲ್‌ನಲ್ಲಿ ಕಾನ್ಸಸ್, ನಾರ್ತ್ ಕೆರೊಲಿನಾ ಎದುರಾದವು. ಮೂರು ಸಲ ಹೆಚ್ಚುವರಿ ಅವಧಿ ಆಡಬೇಕಾಯಿತು, ಮೂರನೆಯದರಲ್ಲಿ 54-53ಕ್ಕೆ ಕಾನ್ಸಸ್ ಸೋತಿತು. ಒಂದೇ ಒಂದು ಪಾಯಿಂಟ್. ಮರುವರ್ಷ ಅವನು ಕಾಲೇಜು ಬಿಟ್ಟು ಹೊರಟ. ಆ ಸೋಲು ಅವನ ಎದೆಯಲ್ಲಿ ಉಳಿದುಬಿಟ್ಟಿತು. ಬಹಳ ವರ್ಷ ಲಾರೆನ್ಸ್ ಕಡೆ ತಲೆ ಹಾಕಲಿಲ್ಲ. 1998ರ ಜನವರಿ 17ರಂದು ಅವನ ಜೆರ್ಸಿಯನ್ನು ಫೀಲ್ಡ್‌ಹೌಸ್‌ನಲ್ಲಿ ಮೇಲೆ ಏರಿಸುವ ಸಮಾರಂಭ. ಅರವತ್ತು ದಾಟಿದ ಚೇಂಬರ್ಲೇನ್ ತನ್ನ ಕಾಲೇಜು ದಿನಗಳ ಜಾಕೆಟ್ ಹಾಕಿಕೊಂಡು ಬಂದರು. ಆ ಒಂದು ಪಾಯಿಂಟಿನ ಸೋಲಿನಿಂದ ನಿಮ್ಮೆಲ್ಲರನ್ನೂ ನಿರಾಸೆಗೊಳಿಸಿದೆ ಅನ್ನುವ ಭಾವ ತಮಗೆ ನಲವತ್ತು ವರ್ಷ ಇತ್ತು ಅನ್ನುವ ಅರ್ಥದ ಮಾತಾಡಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮರುವರ್ಷ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಮನಸ್ಸಿನ ಭಾರ ಇಳಿಸಿಕೊಳ್ಳುವಷ್ಟು ಸಮಯ ಸಿಕ್ಕಿತಲ್ಲ ಅಂತ ನಾನು ಸಮಾಧಾನ ಪಡುತ್ತೇನೆ.

ಆ ಮನೆಯಲ್ಲಿ ಆಟ ಮಾತ್ರ ನಡೆದಿಲ್ಲ. ರಾಬರ್ಟ್ ಕೆನಡಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತೇನೆ ಅಂತ ಹೇಳಿದ ಎರಡೇ ದಿನಕ್ಕೆ, 1968ರ ಮಾರ್ಚ್ 18ರಂದು, ಅಲ್ಲಿ ವಿದ್ಯಾರ್ಥಿಗಳ ಮುಂದೆ ಮಾತಾಡಿದರು. ಒಂದು ದೇಶದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ ಮದ್ದುಗುಂಡು, ಜೈಲು ಎಲ್ಲ ಬರುತ್ತದೆ, ಮಕ್ಕಳ ಆರೋಗ್ಯ, ಅವರ ಆಟದ ಖುಷಿ ಬರುವುದಿಲ್ಲ ಅಂದರು. ಅರ್ಥಶಾಸ್ತ್ರದ ತರಗತಿಗಳಲ್ಲಿ ಇವತ್ತಿಗೂ ನೆನೆಯುವ ಭಾಷಣ ಅದು. ಜೂನ್‌ನಲ್ಲಿ ಅವರನ್ನು ಕೊಂದರು.

ಈಗ ಪಂದ್ಯದ ದಿನ ಅಲ್ಲಿ ಏನೇನು ನಡೆಯುತ್ತದೆ ಅಂತ ಹೇಳುತ್ತೇನೆ.

ಒಳ್ಳೆಯ ಜಾಗಕ್ಕೆ ವಿದ್ಯಾರ್ಥಿಗಳು ದಿನಗಟ್ಟಲೆ ಪಾಳಿ ಕಾಯುತ್ತಾರೆ. ಗುಂಪು ಗುಂಪಾಗಿ ಹೆಸರು ಬರೆಸಬೇಕು. ಬೆಳಗ್ಗೆಯಿಂದ ರಾತ್ರಿವರೆಗೆ ಗುಂಪಿನ ಒಬ್ಬರಾದರೂ ಫೀಲ್ಡ್‌ಹೌಸ್‌ನ ಮೊಗಸಾಲೆಯಲ್ಲಿ ಇರಬೇಕು. ಹೆಸರು ಕೂಗಿದಾಗ ಇಲ್ಲದಿದ್ದರೆ ಗುಂಪಿನ ಪಾಳಿ ಹೋಯಿತು. ಅಲ್ಲೇ ಕೂತು ಓದುತ್ತಾರೆ, ಅಲ್ಲೇ ಊಟ. ಈ ಕಟ್ಟುಪಾಡನ್ನು ನಡೆಸುವುದೂ ವಿದ್ಯಾರ್ಥಿಗಳೇ. ಯಾರೋ ಮೇಲಿನಿಂದ ಹೇರಿದ್ದಾದರೆ ಇಷ್ಟು ವರ್ಷ ಬಾಳುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಎದುರಾಳಿ ಆಟಗಾರರ ಹೆಸರು ಒಬ್ಬೊಬ್ಬರದಾಗಿ ಹೇಳುವಾಗ ವಿದ್ಯಾರ್ಥಿಗಳೆಲ್ಲ ಕಾಲೇಜಿನ ಪತ್ರಿಕೆ ಬಿಡಿಸಿ ಮುಖದ ಮುಂದೆ ಹಿಡಿದುಕೊಳ್ಳುತ್ತಾರೆ. ನಮಗೆ ನೀವು ಯಾರೋ ಗೊತ್ತಿಲ್ಲ, ನಾವು ಪೇಪರ್ ಓದುತ್ತಿದ್ದೇವೆ ಅಂತ! ಬೈಗುಳ ಇಲ್ಲ, ಅವಾಚ್ಯ ಇಲ್ಲ. ಮುಂದೆ ತಮ್ಮ ಹುಡುಗರ ಹೆಸರು ಬಂದ ಕೂಡಲೇ ಅದೇ ಪೇಪರ್ ಚೂರು ಚೂರಾಗಿ ಗಾಳಿಗೆ ಹಾರುತ್ತದೆ. ಗೆದ್ದ ಮೇಲೆ ಎಲ್ಲರೂ ಎರಡೂ ಕೈ ಮೇಲೆತ್ತಿ ನಿಧಾನವಾಗಿ ಅತ್ತಿತ್ತ ತೂಗುತ್ತಾರೆ. ಗೋಧಿ ಹೊಲ ಗಾಳಿಗೆ ಬಾಗುವ ಬಗೆ ಅದು. ಊರಿನ ಬೆಳೆಯನ್ನು ಆಟದೊಳಗೆ ತಂದಿದ್ದಾರೆ.

ಆದರೆ ಎಲ್ಲಕ್ಕಿಂತ ಹಳೆಯದು ಅವರ ಕೂಗು. ‘ರಾಕ್ ಚಾಕ್, ಜೇಹಾಕ್, ಕೆ.ಯು.’ ಜೇಹಾಕ್ ಅಂದರೆ ಕಾನ್ಸಸ್‌ನ ಕಾಲ್ಪನಿಕ ಹಕ್ಕಿ, ತಂಡದ ಗುರುತು. ಕೆ.ಯು. ಅಂದರೆ ಅವರ ವಿಶ್ವವಿದ್ಯಾಲಯದ ಚಿಕ್ಕ ಹೆಸರು. ಬಾಸ್ಕೆಟ್‌ಬಾಲ್ ಹುಟ್ಟುವ ಐದು ವರ್ಷ ಮುಂಚೆ, 1886ರಲ್ಲಿ, ಬೇಲಿ ಅನ್ನುವ ಕೆಮಿಸ್ಟ್ರಿ ಪ್ರೊಫೆಸರ್ ತಮ್ಮ ವಿಜ್ಞಾನ ಸಂಘಕ್ಕೆ ಒಂದು ಕೂಗು ಬೇಕು ಅಂತ ಇದನ್ನು ಮಾಡಿದರು. ರೈಲಿನಲ್ಲಿ ಬರುವಾಗ ಗಾಲಿಗಳ ತಾಳ ಕೇಳಿ ಹೊಳೆದದ್ದಂತೆ. ಮೊದಲು ಬೇರೆ ಪದ ಇತ್ತು. ಆಮೇಲೆ ಅಲ್ಲಿನ ನೆಲದ ಸುಣ್ಣಕಲ್ಲಿನ ನೆನಪಿಗೆ ‘ರಾಕ್ ಚಾಕ್’ ಸೇರಿತು. 1899ರಲ್ಲಿ ಫಿಲಿಪೈನ್ಸ್‌ನಲ್ಲಿ ಹೋರಾಡುತ್ತಿದ್ದ ಕಾನ್ಸಸ್ ಸೈನಿಕರೂ ಇದನ್ನು ಕೂಗಿದರು. ಫೀಲ್ಡ್‌ಹೌಸ್‌ನಲ್ಲಿ ಇದನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ಮೊದಲು ತುಂಬಾ ನಿಧಾನ. ಚರ್ಚಿನ ಹಳೆಯ ಪ್ರಾರ್ಥನೆಯ ರಾಗದಲ್ಲಿ, ಹದಿನೈದು ಸಾವಿರ ಜನ, ಒಂದೇ ಶ್ರುತಿ. ಆಮೇಲೆ ವೇಗವಾಗಿ, ಚಪ್ಪಾಳೆ ಜೊತೆ. ಪಂದ್ಯದ ಕೊನೆಯಲ್ಲಿ ಗೆಲುವು ಖಚಿತ ಅನ್ನಿಸಿದಾಗ ಆ ನಿಧಾನದ ರಾಗ ಮತ್ತೆ ಎಲ್ಲೋ ಮೂಲೆಯಲ್ಲಿ ಶುರುವಾಗಿ ಮನೆಯೆಲ್ಲ ತುಂಬುತ್ತದೆ. ಎದುರಾಳಿಗಳಿಗೆ ಅದು ಕೇಳಿಸಿತೆಂದರೆ ಆಟ ಮುಗಿದ ಹಾಗೆ. ನನಗೆ ಅಲ್ಲಿ ಒಂದು ಪಂದ್ಯ ನೋಡುವ ಭಾಗ್ಯ ಸಿಕ್ಕಿತ್ತು. ಆ ರಾಗ ಶುರುವಾದಾಗ ಪಕ್ಕದಲ್ಲಿದ್ದ ವಯಸ್ಸಾದ ಗಂಡಹೆಂಡತಿ ಇಬ್ಬರೂ ಕಣ್ಣು ಮುಚ್ಚಿ ಹಾಡುತ್ತಿದ್ದರು. ಅಂಕಣದ ಕಡೆ ಅವರು ನೋಡುತ್ತಲೂ ಇರಲಿಲ್ಲ.

ಉತ್ತರದ ಗೋಡೆಯ ಮೇಲೆ ಒಂದು ದೊಡ್ಡ ಬ್ಯಾನರ್ ಇದೆ. ಒಳಗೆ ಬರುವವರೇ, ಫಾಗ್ ಬಗ್ಗೆ ಎಚ್ಚರ, ಅಂತ ಅದರಲ್ಲಿ ಬರೆದಿದೆ. 1988ರ ಫೆಬ್ರುವರಿಯಲ್ಲಿ ಡ್ಯೂಕ್ ಜೊತೆಗಿನ ಪಂದ್ಯಕ್ಕೆ ಅಂತ ಕೆಲವು ವಿದ್ಯಾರ್ಥಿಗಳು ಅದನ್ನು ಮಾಡಿದ್ದು. ಬಟ್ಟೆ ಕೊಳ್ಳಲು ದುಡ್ಡಿಲ್ಲ. ಹಾಸ್ಟೆಲ್ ಬಚ್ಚಲಿನ ಪರದೆಗಳನ್ನು ಬಿಚ್ಚಿ ತಂದು, ಜೋಡಿಸಿ, ಬಣ್ಣ ಬಳಿದರು. ಆ ದಿನ ಕಾನ್ಸಸ್ ಹೆಚ್ಚುವರಿ ಅವಧಿಯಲ್ಲಿ ಸೋತಿತು. ಆ ಸೀಸನ್‌ನಲ್ಲಿ ಒಟ್ಟು ಹನ್ನೊಂದು ಸೋಲು ಕಂಡ ತಂಡ ಅದು. ಯಾರೂ ಅದರ ಮೇಲೆ ಆಸೆ ಇಟ್ಟಿರಲಿಲ್ಲ. ಆದರೆ ಏಪ್ರಿಲ್‌ನಲ್ಲಿ ಸೆಮಿಫೈನಲ್‌ನಲ್ಲಿ ಅದೇ ಡ್ಯೂಕ್ ಅನ್ನು ಸೋಲಿಸಿ, ಫೈನಲ್‌ನಲ್ಲಿ ಓಕ್ಲಹೋಮಾವನ್ನು 83-79ರಿಂದ ಸೋಲಿಸಿ, ದೇಶದ ಚಾಂಪಿಯನ್ ಆಯಿತು. ಡ್ಯಾನಿ ಮ್ಯಾನಿಂಗ್ ಒಬ್ಬರೇ 31 ಪಾಯಿಂಟ್, 18 ರೀಬೌಂಡ್. ಬ್ಯಾನರ್ ಉಳಿದುಕೊಂಡಿತು. ಬಟ್ಟೆ ಹಳೆಯದಾದಾಗ ಹೊಸದು ಮಾಡಿಸಿದರು, ಮಾತು ಮಾತ್ರ ಅದೇ.

ಇನ್ನು ಸದ್ದು. 2017ರ ಫೆಬ್ರುವರಿ 13ರಂದು ಅಲ್ಲಿ 130.4 ಡೆಸಿಬಲ್ ಅಳೆದರು, ಒಳಾಂಗಣ ಕ್ರೀಡಾಂಗಣದ ಗಿನ್ನೆಸ್ ದಾಖಲೆ. ದಾಖಲೆಗಿಂತ ಆ ದಿನದ ಆಟ ಕೇಳಿ. ವೆಸ್ಟ್ ವರ್ಜೀನಿಯಾ ಎದುರಿಗೆ ಕಾನ್ಸಸ್ 14 ಪಾಯಿಂಟ್ ಹಿಂದೆ ಇತ್ತು. ಉಳಿದದ್ದು ಮೂರು ನಿಮಿಷಕ್ಕೂ ಕಡಿಮೆ. ಅಲ್ಲಿಂದ ಎದ್ದು ಬಂದು ಸಮ ಮಾಡಿ, ಹೆಚ್ಚುವರಿ ಅವಧಿಯಲ್ಲಿ 84-80ಕ್ಕೆ ಗೆದ್ದರು. ಜನ ಮನೆಗೆ ಎದ್ದು ಹೋಗಿದ್ದರೆ ಅದು ಆಗುತ್ತಿತ್ತಾ? ನನಗಂತೂ ಆಗುತ್ತಿತ್ತು ಅನ್ನಿಸುವುದಿಲ್ಲ. 2007ರಿಂದ 2011ರ ಜನವರಿವರೆಗೆ ಈ ಮನೆಯಲ್ಲಿ ಕಾನ್ಸಸ್ ಒಂದೇ ಸಮ 69 ಪಂದ್ಯ ಗೆದ್ದಿತ್ತು. ಕೊನೆಗೆ ಟೆಕ್ಸಸ್ ಬಂದು ತಡೆಯಿತು.

ಹೆಣ್ಣುಮಕ್ಕಳ ಆಟದ ಬಗ್ಗೆ ಹೇಳದೆ ಮುಗಿಸುವುದಿಲ್ಲ. ಈ ಸಾಲಿನಲ್ಲಿ ಕೂತಿರುವ ಹುಡುಗಿಯರು ಲಿನೆಟ್ ವುಡರ್ಡ್ ಅನ್ನುವ ಹೆಸರು ಬರೆದಿಟ್ಟುಕೊಳ್ಳಿ. ಕಾನ್ಸಸ್‌ನದೇ ವಿಚಿಟಾ ಊರಿನವರು. 1977ರಿಂದ 1981ರವರೆಗೆ ಈ ಫೀಲ್ಡ್‌ಹೌಸ್‌ನಲ್ಲಿ ಆಡಿ 3,649 ಪಾಯಿಂಟ್ ಗಳಿಸಿದರು. ದೂರದಿಂದ ಹಾಕಿದರೆ ಮೂರು ಪಾಯಿಂಟ್ ಕೊಡುವ ಗೆರೆಯೇ ಆಗ ಇರಲಿಲ್ಲ ಅನ್ನುವುದು ನೆನಪಿರಲಿ. ಕೋಚ್ ಆಗಿದ್ದವರು ಮೇರಿಯನ್ ವಾಷಿಂಗ್ಟನ್. 1973ರಿಂದ 2004ರವರೆಗೆ ಹೆಣ್ಣುಮಕ್ಕಳ ತಂಡವನ್ನು ಕಟ್ಟಿ ನಿಲ್ಲಿಸಿದ ಕಪ್ಪು ಮಹಿಳೆ. ಮೆಕ್ಲೆಂಡನ್‌ಗೆ ಬಾಗಿಲು ಮುಚ್ಚಿದ ಅದೇ ಕಾಲೇಜಿನಲ್ಲಿ! ವುಡರ್ಡ್ 1984ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ನಾಯಕಿ. ಊರೂರು ತಿರುಗಿ ಪ್ರದರ್ಶನ ಪಂದ್ಯ ಆಡುವ ಹಾರ್ಲೆಮ್ ಗ್ಲೋಬ್‌ಟ್ರಾಟರ್ಸ್ ತಂಡ ಸೇರಿದ ಮೊದಲ ಹೆಣ್ಣುಮಗಳು. ಆದರೆ ಆಗ ಹುಡುಗಿಯರ ಕಾಲೇಜು ಆಟವನ್ನು ನಡೆಸುತ್ತಿದ್ದದ್ದು ಬೇರೆ ಸಂಘ. ಹಾಗಾಗಿ ಈಗ ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಸಂಘದ ದಾಖಲೆ ಪುಸ್ತಕದಲ್ಲಿ ಅವರ ಲೆಕ್ಕವೇ ಇರಲಿಲ್ಲ. 2024ರ ಫೆಬ್ರುವರಿಯಲ್ಲಿ ಐಯೊವಾದ ಕೇಟ್ಲಿನ್ ಕ್ಲಾರ್ಕ್ ಆ 3,649ನ್ನು ದಾಟಿದಾಗ ಜನ ಮತ್ತೆ ವುಡರ್ಡ್ ಹೆಸರು ಹೇಳಿದರು. ನಲವತ್ತು ವರ್ಷ ತಡವಾಗಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: “ಸರ್, ಆ 13 ರೂಲ್ಸ್ ಬರೆದ ಕಾಗದ ಈಗ ಎಲ್ಲಿದೆ?” ಒಳ್ಳೆಯ ಪ್ರಶ್ನೆ. ನೈಸ್ಮಿತ್ ಜಿಮ್‌ನ ಗೋಡೆಗೆ ಅಂಟಿಸಿದ್ದ ಆ ಎರಡು ಹಾಳೆಗಳು ಬಹಳ ಕಾಲ ಅವರ ಮನೆತನದವರ ಹತ್ತಿರ ಇದ್ದವು. 2010ರ ಡಿಸೆಂಬರ್‌ನಲ್ಲಿ ಹರಾಜಿಗೆ ಬಂದಾಗ ಕಾನ್ಸಸ್‌ನ ಹಳೆಯ ವಿದ್ಯಾರ್ಥಿ ಡೇವಿಡ್ ಬೂತ್ 43 ಲಕ್ಷ ಡಾಲರ್ ಕೊಟ್ಟು ಕೊಂಡರು. ಕೊಂಡು ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ, ಕಾಲೇಜಿಗೆ ಕೊಟ್ಟರು. 2016ರಲ್ಲಿ ಫೀಲ್ಡ್‌ಹೌಸ್‌ಗೆ ಅಂಟಿಕೊಂಡ ಹಾಗೆ ಡಿಬ್ರೂಸ್ ಸೆಂಟರ್ ಅನ್ನುವ ಕಟ್ಟಡ ಆಯಿತು, ಹಾಳೆಗಳು ಅಲ್ಲಿವೆ.

ಒಬ್ಬ ತಾಯಿ ಕೇಳಿದರು: “ನನ್ನ ತಮ್ಮ ಕಾನ್ಸಸ್ ಸಿಟಿಯಲ್ಲಿದ್ದಾನೆ. ನಾವು ಹೋದರೆ ಒಳಗೆ ಬಿಡುತ್ತಾರಾ?” ಬಿಡುತ್ತಾರೆ ಅಮ್ಮ. ಕಾನ್ಸಸ್ ಸಿಟಿಯಿಂದ ಕಾರಿನಲ್ಲಿ ಒಂದು ಗಂಟೆಯೂ ಆಗುವುದಿಲ್ಲ. ಪಂದ್ಯದ ಟಿಕೆಟ್ ಸಿಗುವುದು ಕಷ್ಟ, ಅದಕ್ಕೆ ಮೊದಲೇ ಪ್ರಯತ್ನ ಮಾಡಬೇಕು. ಆದರೆ ಪಂದ್ಯ ಇಲ್ಲದ ದಿನ ಫೀಲ್ಡ್‌ಹೌಸ್‌ನ ಒಳಗಿರುವ ವಸ್ತುಸಂಗ್ರಹಾಲಯ ನೋಡಬಹುದು, ಪಕ್ಕದಲ್ಲಿ ನಿಯಮದ ಹಾಳೆಗಳನ್ನೂ ನೋಡಬಹುದು. ಮಗಳನ್ನು ಕರೆದುಕೊಂಡು ಹೋಗಿ. ಮೆಕ್ಲೆಂಡನ್ ಅವರ ಕಥೆಯನ್ನು ದಾರಿಯಲ್ಲೇ ಹೇಳಿಬಿಡಿ.